26ನೇ ವಯಸ್ಸಿಗೆ ಅಝುಚೇನಾ ಬೇಡ

ಪ್ರಶ್ನೆ: ನನಗೆ 26 ವರ್ಷ. ಪಾಶ್ಚಾತ್ಯ ಶಾಸ್ತ್ರೀಯ ಗಾಯನದಲ್ಲಿ ಸ್ನಾತಕೋತ್ತರ ಪದವಿ ಮುಗಿಸಿದ್ದೇನೆ. ನನ್ನದು ಮೆಝೊ ಸೊಪ್ರಾನೊ ಕಂಠ, ಎತ್ತರದ ಸೊಪ್ರಾನೊಗೂ ತಗ್ಗಿನ ಆಲ್ಟೊಗೂ ನಡುವಿನ ಹೆಣ್ಣು ಕಂಠ. ಒಂದು ಸಣ್ಣ ಒಪೆರಾ ತಂಡ ವೆರ್ದಿಯ ‘ಇಲ್ ಟ್ರೊವತೋರೆ’ಯಲ್ಲಿ ಅಝುಚೇನಾ ಪಾತ್ರಕ್ಕೆ ಕರೆದಿದೆ. ಅದೇ ತಿಂಗಳು ಒಂದು ಗಾಯನವೃಂದದವರು ಹ್ಯಾಂಡೆಲ್‌ನ ‘ಮೆಸಾಯಾ’ ಎಂಬ ಕಛೇರಿ ಕೃತಿಯಲ್ಲಿ ಆಲ್ಟೊ ಭಾಗ ಹಾಡುತ್ತೀರಾ ಎಂದು ಕೇಳಿದ್ದಾರೆ. ಒಪೆರಾ ಸಿಗದವರು ಮಾತ್ರ ಕಛೇರಿ ಗಾಯಕರಾಗುತ್ತಾರೆ ಎನ್ನುತ್ತಾರೆ ಗೆಳೆಯರು. ಇದು ನಿಜವೇ? ಈ ವೃತ್ತಿಯಲ್ಲಿ ಹೊಟ್ಟೆ ತುಂಬುತ್ತದೆಯೇ? ಕಂಠ ಎಷ್ಟು ವರ್ಷ ಬಾಳುತ್ತದೆ? ಎರಡರಲ್ಲಿ ಯಾವುದನ್ನು ಒಪ್ಪಿಕೊಳ್ಳಲಿ?

ಉತ್ತರ: ಕೊನೆಯ ಪ್ರಶ್ನೆಗೆ ಮೊದಲೇ ಉತ್ತರ ಹೇಳಿಬಿಡುತ್ತೇನೆ. ಇಲ್ಲದಿದ್ದರೆ ಇಷ್ಟುದ್ದದ ಬರಹವನ್ನು ನೀವು ಎದೆ ಡವಗುಟ್ಟಿಸಿಕೊಂಡು ಓದಬೇಕಾಗುತ್ತದೆ. ‘ಮೆಸಾಯಾ’ ಒಪ್ಪಿಕೊಳ್ಳಿ. ಅಝುಚೇನಾ ಬೇಡ.

ಅಝುಚೇನಾ ಮುದುಕಿ, ನೀವು ಚಿಕ್ಕವರು ಎಂಬುದು ಕಾರಣವಲ್ಲ. ಬಣ್ಣ ಬಳಿದು ನರೆಗೂದಲು ಕಟ್ಟಿದರೆ ರಂಗದ ಮೇಲೆ ಯಾರು ಬೇಕಾದರೂ ಮುದುಕಿಯಾಗಬಹುದು. ಕಂಠಕ್ಕೆ ಹಾಗೆ ಬಣ್ಣ ಬಳಿಯಲು ಬರುವುದಿಲ್ಲ. 1853ರಲ್ಲಿ ರೋಮ್‌ನಲ್ಲಿ ಮೊದಲು ರಂಗಕ್ಕೆ ಬಂದ ಈ ಒಪೆರಾದಲ್ಲಿ ವೆರ್ದಿ ಅಝುಚೇನಾಗೆ ಕೊಟ್ಟ ಸಂಗೀತ ಎದೆಯ ದನಿಯ, ಅಂದರೆ ಎದೆಯಲ್ಲಿ ಅನುರಣಿಸುವ ತಗ್ಗಿನ ದನಿಯ, ತಳದಿಂದ ತಾರಸ್ಥಾಯಿಯವರೆಗೆ ಓಡಾಡುತ್ತದೆ. ಕಂಠಕ್ಕೆ ಪೆಟ್ಟು ಬೀಳುವುದು ಮಾತ್ರ ಮೇಲಿನ ಸ್ವರಗಳಲ್ಲಲ್ಲ, ಮಧ್ಯದಲ್ಲಿ. ಕೆಳಗೆ ವಾದ್ಯವೃಂದ ಭೋರ್ಗರೆಯುತ್ತಿರುವಾಗ ಎದೆಯ ದನಿಯನ್ನು ಅದರ ಎಲ್ಲೆ ಮೀರಿ ಎರಡು ಮೂರು ಸ್ವರ ಮೇಲಕ್ಕೆ ಎಳೆದೊಯ್ಯುವ ಆಸೆ ಹುಟ್ಟುತ್ತದೆ. ಹಾಗೆ ಎಳೆದ ದಿನ ಚಪ್ಪಾಳೆ ಜೋರಾಗಿಯೇ ಬೀಳುತ್ತದೆ. ಮರುದಿನ ಇನ್ನೊಂದು ಸ್ವರ ಮೇಲಕ್ಕೆ ಎಳೆಯುತ್ತೀರಿ.

ಇದನ್ನು ನಾನು ಪುಸ್ತಕ ಓದಿ ಹೇಳುತ್ತಿಲ್ಲ. 28ನೇ ವಯಸ್ಸಿನಲ್ಲಿ ನನ್ನ ಕಂಠಕ್ಕೆ ಮೀರಿದ ಪಾತ್ರವೊಂದನ್ನು ಒಪ್ಪಿಕೊಂಡೆ. ಕರೆದವರ ತಪ್ಪಿರಲಿಲ್ಲ, ಅವರಿಗೆ ಗಾಯಕಿ ಬೇಕಿತ್ತು, ನನಗೆ ಹೆಸರು ಬೇಕಿತ್ತು. ಮೂರನೆಯ ಪ್ರದರ್ಶನದ ಮರುದಿನ ಬೆಳಿಗ್ಗೆ ಎಂದಿನಂತೆ ಬಾಯಿ ಮುಚ್ಚಿ ಮೆಲ್ಲನೆ ಗುನುಗಿಕೊಂಡು ಮೇಲೇರುತ್ತಿದ್ದೆ. ಮಧ್ಯದ ಒಂದು ಸ್ವರ ಇರಬೇಕಾದ ಜಾಗದಲ್ಲಿ ಬರೀ ಗಾಳಿ ಬಂತು. ಅದರ ಕೆಳಗಿನದು ಸರಿಯಿತ್ತು, ಮೇಲಿನದೂ ಸರಿಯಿತ್ತು. ಆ ಒಂದು ಮೆಟ್ಟಿಲು ಮಾತ್ರ ಕಾಣೆ. ಜೋರಾಗಿ ಹಾಡಿದರೆ ಅಲ್ಲಿಯೂ ದನಿ ಬರುತ್ತಿತ್ತು, ಆದ್ದರಿಂದ ಇನ್ನೆರಡು ಪ್ರದರ್ಶನ ಮುಗಿಸಿದೆ. ಆಮೇಲೆ ವೈದ್ಯರು ಗಂಟಲೊಳಗೆ ಕ್ಯಾಮೆರಾ ಇಳಿಸಿ ಪರದೆಯ ಮೇಲೆ ತೋರಿಸಿದರು. ಎರಡು ಧ್ವನಿತಂತುಗಳೂ ಪರಸ್ಪರ ತಾಗುವ ಅಂಚಿನಲ್ಲಿ, ಒಂದಕ್ಕೊಂದು ಎದುರಾಗಿ, ಚಿಕ್ಕ ಚಿಕ್ಕ ಗಂಟು. ಆರು ವಾರ ಚೀಟಿಯಲ್ಲಿ ಬರೆದು ತೋರಿಸಿಯೇ ಮಾತನಾಡಿದೆ. ಪೂರ್ತಿ ಸರಿಹೋಗಲು ಒಂದು ವರ್ಷ ಹಿಡಿಯಿತು. ಮೆಲ್ಲಗೆ ಹಾಡಿದಾಗ ಬಾರದ ಸ್ವರ ಜೋರಾಗಿ ಹಾಡಿದಾಗ ಬಂದರೆ ಅದನ್ನು ಆರೋಗ್ಯ ಎಂದುಕೊಳ್ಳಬೇಡಿ. ಈ ಒಂದು ವಾಕ್ಯವನ್ನು ನನ್ನ ಪ್ರತಿಯೊಬ್ಬ ಶಿಷ್ಯೆಗೂ ಮೊದಲ ದಿನವೇ ಹೇಳುತ್ತೇನೆ.

ಮೈಕ್ ಇಲ್ಲದೆ ಒಂದು ಕಂಠ ಇಡೀ ವಾದ್ಯವೃಂದವನ್ನು ದಾಟಿ ಕೊನೆಯ ಸಾಲಿಗೆ ಹೇಗೆ ಮುಟ್ಟುತ್ತದೆ ಎಂಬುದು ಗೊತ್ತಿದ್ದರೆ ಈ ಎಳೆದಾಟದ ಆಸೆ ಅರ್ಧ ಕಡಿಮೆಯಾಗುತ್ತದೆ. ಸ್ವೀಡನ್‌ನ ವಿಜ್ಞಾನಿ ಯೋಹಾನ್ ಸುಂಡ್‌ಬೆರಿ 1970ರ ದಶಕದಲ್ಲಿ ಇದನ್ನು ಅಳೆದು ತೋರಿಸಿದರು. ವಾದ್ಯವೃಂದದ ಸದ್ದಿನ ಬಲವೆಲ್ಲ ಹೆಚ್ಚುಕಡಿಮೆ 500 ಹರ್ಟ್ಸ್ ಆಸುಪಾಸಿನಲ್ಲಿ ಇರುತ್ತದೆ, ಮೇಲೆ ಹೋದಂತೆ ಅದು ಇಳಿಯುತ್ತದೆ. ಪಳಗಿದ ಗಾಯಕರ ದನಿಯಲ್ಲಿ, ಮುಖ್ಯವಾಗಿ ಗಂಡು ಕಂಠಗಳಲ್ಲಿ ಮತ್ತು ಕೆಳಸ್ಥಾಯಿಯ ಹೆಣ್ಣು ಕಂಠಗಳಲ್ಲಿ, 3000 ಹರ್ಟ್ಸ್ ಸುತ್ತ ಇನ್ನೊಂದು ಗುಡ್ಡ ಏಳುತ್ತದೆ. ಅಲ್ಲಿ ವಾದ್ಯಗಳ ಪೈಪೋಟಿ ಕಡಿಮೆ; ಕಿವಿಯೂ ಆ ಭಾಗದಲ್ಲೇ ಹೆಚ್ಚು ಚುರುಕು. ಅಂದರೆ ದನಿ ಮುಂದೆ ಹೋಗುವುದು ಗಂಟಲಿನ ತಾಕತ್ತಿನಿಂದಲ್ಲ, ಅನುರಣನದಿಂದ. ಈ ಹೊಳಪು ನಿಮ್ಮ ಕಂಠದಲ್ಲಿ ಇದೆಯೇ ಇಲ್ಲವೇ ಎಂಬುದು ನಿಮ್ಮ ಕಿವಿಗೆ ಕೇಳುವುದಿಲ್ಲ. ಸಭಾಂಗಣದ ಹಿಂಬದಿಯಲ್ಲಿ ನಂಬಿಕಸ್ಥರೊಬ್ಬರನ್ನು ಕೂರಿಸಿ ಕೇಳಿ. ಮನೆಯ ಕೋಣೆಯಲ್ಲಿ ಭಾರಿಯಾಗಿ ಕೇಳುವ ಕಂಠಗಳು ಅಲ್ಲಿಗೆ ಮುಟ್ಟದೆ ಉಳಿದುದನ್ನೂ, ತೆಳುವೆನಿಸಿದ ಕಂಠಗಳು ಸೂಜಿಯಂತೆ ತೂರಿಹೋದುದನ್ನೂ ನಾನು ಎಷ್ಟೋ ಸಲ ಕಂಡಿದ್ದೇನೆ.

ಈಗ ನಿಮ್ಮ ಗೆಳೆಯರ ಮಾತು. ಕಛೇರಿ ಗಾಯನ ಎಂದರೆ ಒಪೆರಾದಲ್ಲಿ ಸೋತವರ ಆಶ್ರಯ ಎಂಬ ಈ ಕಲ್ಪನೆ ಎಲ್ಲಿಂದ ಬಂತೋ ತಿಳಿಯದು, ಆದರೆ ಸಂಗೀತ ಶಾಲೆಗಳ ಕಾರಿಡಾರಿನಲ್ಲಿ ಅದಕ್ಕೆ ಸಾವೇ ಇಲ್ಲ. ಕ್ಯಾಥ್ಲೀನ್ ಫೆರಿಯರ್ ಹೆಸರನ್ನು ಅವರಿಗೆ ಹೇಳಿ. ಇಂಗ್ಲೆಂಡಿನ ಲ್ಯಾಂಕಶೈರ್‌ನ ಹುಡುಗಿ, 14ನೇ ವಯಸ್ಸಿಗೆ ಶಾಲೆ ಬಿಟ್ಟು ಟೆಲಿಫೋನ್ ವಿನಿಮಯ ಕೇಂದ್ರದಲ್ಲಿ ಕೆಲಸಕ್ಕೆ ಸೇರಿದವಳು. 1937ರಲ್ಲಿ ಕಾರ್ಲೈಲ್‌ನ ಸ್ಪರ್ಧೆಗೆ ಹೋದದ್ದು ಪಿಯಾನೊ ನುಡಿಸಲು. ಗಂಡ ಒಂದು ಶಿಲಿಂಗ್ ಪಂದ್ಯ ಕಟ್ಟಿದ ಎಂದು ಹಾಡುಗಾರಿಕೆಗೂ ಹೆಸರು ಕೊಟ್ಟಳು, ಎರಡರಲ್ಲೂ ಗೆದ್ದಳು. 1953ರ ಅಕ್ಟೋಬರ್‌ನಲ್ಲಿ ಕ್ಯಾನ್ಸರ್‌ನಿಂದ ತೀರಿಕೊಂಡಾಗ ಆಕೆಗೆ 41. ಅಷ್ಟರಲ್ಲಿ ರಂಗದ ಮೇಲೆ ಆಕೆ ನಿರ್ವಹಿಸಿದ್ದು ಎರಡೇ ಎರಡು ಒಪೆರಾ ಪಾತ್ರ: ಸಂಗೀತಕಾರ ಬೆಂಜಮಿನ್ ಬ್ರಿಟನ್ ಬರೆದ ಲುಕ್ರೀಶಿಯಾ ಮತ್ತು ಗ್ಲುಕ್‌ನ ಆರ್ಫಿಯೊ. ಉಳಿದದ್ದೆಲ್ಲ ಬಾಖ್, ಹ್ಯಾಂಡೆಲ್, ಬ್ರಾಮ್ಸ್, ಮಾಹ್ಲರ್. ಆ ಕಂಠದ ಧ್ವನಿಮುದ್ರಿಕೆಗಳನ್ನು ಜನ ಇಂದಿಗೂ ಹುಡುಕಿಕೊಂಡು ಕೇಳುತ್ತಾರೆ. ಅದೇ 1953ರ ಫೆಬ್ರುವರಿಯಲ್ಲಿ ಲಂಡನ್ನಿನ ಕೋವೆಂಟ್ ಗಾರ್ಡನ್‌ನಲ್ಲಿ ಆರ್ಫಿಯೊ ಎರಡನೆಯ ಪ್ರದರ್ಶನ ನಡೆಯುತ್ತಿದ್ದಾಗ, ರೋಗ ತಿಂದಿದ್ದ ತೊಡೆಯ ಮೂಳೆ ರಂಗದ ಮೇಲೆಯೇ ಮುರಿಯಿತು. ಆದರೂ ಆಕೆ ಒಪೆರಾ ಪೂರ್ತಿ ಹಾಡಿದಳು. ಅದೇ ಕೊನೆಯ ಪ್ರದರ್ಶನವಾಯಿತು.

ಅಮೆರಿಕದ ಗಾಯಕಿ ಮರಿಯನ್ ಆ್ಯಂಡರ್ಸನ್ ಅವರದು ಬೇರೆಯೇ ಕಥೆ, ಅಲ್ಲಿ ‘ಒಪೆರಾ ಸಿಗದವರು’ ಎಂಬ ಮಾತಿಗೆ ಕಹಿಯಾದ ಅರ್ಥವಿದೆ. ಆಕೆ ಕಪ್ಪು ಜನಾಂಗದವರು ಎಂಬ ಕಾರಣಕ್ಕೆ ಅಮೆರಿಕದ ದೊಡ್ಡ ರಂಗಮಂದಿರಗಳ ಬಾಗಿಲು ಮುಚ್ಚಿತ್ತು. 1939ರಲ್ಲಿ ಲಿಂಕನ್ ಸ್ಮಾರಕದ ಮೆಟ್ಟಿಲ ಮೇಲೆ ನಿಂತು ಹಾಡಿದಾಗ ಕೇಳಲು ಸುಮಾರು 75,000 ಜನ ಸೇರಿದ್ದರು. ನ್ಯೂಯಾರ್ಕ್‌ನ ಮೆಟ್ರೊಪಾಲಿಟನ್ ಒಪೆರಾ ಆಕೆಯನ್ನು ರಂಗಕ್ಕೆ ಕರೆದದ್ದು 1955ರ ಜನವರಿಯಲ್ಲಿ, ಆಕೆಗೆ 57 ತುಂಬಿದ್ದಾಗ. ಸೋತವರು ಯಾರು ಎಂದು ನಿಮ್ಮ ಗೆಳೆಯರನ್ನೇ ಕೇಳಿ.

ಹಾಗೆಂದು ಎರಡೂ ಒಂದೇ ಕೆಲಸ ಎನ್ನಲಾರೆ. ಒಪೆರಾದಲ್ಲಿ ಹೊಸ ನಿರ್ಮಾಣಕ್ಕೆ ನಾಲ್ಕರಿಂದ ಆರು ವಾರ ತಾಲೀಮು ಇರುತ್ತದೆ. ನಿರ್ದೇಶಕ ಹೇಳಿದ ಕಡೆ ಓಡಬೇಕು, ಇಳಿಜಾರಿನ ರಂಗದ ಮೇಲೆ ಮಂಡಿಯೂರಬೇಕು, ಬೆನ್ನು ತಿರುಗಿಸಿ ಹಾಡೆಂದರೆ ಹಾಡಬೇಕು. ದಿನವಿಡೀ ಪೂರ್ಣ ಕಂಠದಲ್ಲಿ ಹಾಡಿದರೆ ವಾರ ಕಳೆಯುವುದರೊಳಗೆ ಕತೆ ಮುಗಿಯುತ್ತದೆ. ಆದ್ದರಿಂದ ತಾಲೀಮಿನಲ್ಲಿ ಅರ್ಧ ದನಿಯಲ್ಲಿ, ಬೇಕಾದರೆ ಒಂದು ಸ್ಥಾಯಿ ಕೆಳಗೆ, ಗುರುತು ಹಾಕುವಂತೆ ಹಾಡುವುದನ್ನು ಕಲಿಯಬೇಕು. ನಾಚಿಕೆಪಡುವ ವಿಷಯವಲ್ಲ ಅದು, ಕಸುಬಿನ ಭಾಗ. ಮೆಝೊಗಳಿಗೆ ಇನ್ನೊಂದು ಹೆಚ್ಚುವರಿ ಪಾಠವಿದೆ: ಗಂಡು ವೇಷ. ಮೊಝಾರ್ಟ್‌ನ ಕೆರುಬಿನೊ, ಹುಂಪರ್‌ಡಿಂಕ್‌ನ ಹ್ಯಾನ್ಸೆಲ್, ಸ್ಟ್ರಾಸ್‌ನ ಒಕ್ಟಾವಿಯನ್, ಎಲ್ಲರೂ ಹೆಣ್ಣು ಕಂಠಕ್ಕೆಂದೇ ಬರೆದ ಹುಡುಗರು. ಒಟ್ಟಿನಲ್ಲಿ ನಮ್ಮ ಪಾಲಿಗೆ ಬರುವುದು ಒಂದೋ ಹದಿಹರೆಯದ ಹುಡುಗ, ಒಂದೋ ಸವತಿ, ಇಲ್ಲವೇ ಮಾಟಗಾತಿ. ನಾಯಕನನ್ನು ಮದುವೆಯಾಗುವ ಭಾಗ್ಯ ಸೊಪ್ರಾನೊಗೆ ಮೀಸಲು.

ಕಛೇರಿಯಲ್ಲಿ ಇದು ಯಾವುದೂ ಇಲ್ಲ. ಪಿಯಾನೊ ಜೊತೆ ಒಂದು ತಾಲೀಮು, ವಾದ್ಯವೃಂದದ ಜೊತೆ ಒಂದು ಅಥವಾ ಎರಡು, ಸಂಜೆ ಕಾರ್ಯಕ್ರಮ. ಮನೆಯಲ್ಲಿ ಎಲ್ಲವನ್ನೂ ಮುಗಿಸಿಕೊಂಡೇ ಬರಬೇಕು. ಅಡಗಿಕೊಳ್ಳಲು ವೇಷವಿಲ್ಲ, ಸೆಟ್ ಇಲ್ಲ. ಬೀಥೊವನ್‌ನ ಒಂಬತ್ತನೆಯ ಸಿಂಫನಿಯನ್ನು ತೆಗೆದುಕೊಳ್ಳಿ. ನಾಲ್ವರು ಗಾಯಕರು ಒಳ್ಳೆಯ ಉಡುಪು ತೊಟ್ಟು ವೇದಿಕೆಯ ಮೇಲೆ ಬಂದು ಕೂರುತ್ತಾರೆ. ಮೂರು ಭಾಗಗಳು ಕಳೆಯುತ್ತವೆ, ಮುಕ್ಕಾಲು ಗಂಟೆ. ಸಭಿಕರ ಕಣ್ಣೆಲ್ಲ ನಿಮ್ಮ ಮೇಲೆ. ಕೆಮ್ಮುವಂತಿಲ್ಲ, ದನಿ ಪರೀಕ್ಷಿಸುವಂತಿಲ್ಲ, ಬಾಯಿ ಒಣಗುತ್ತಿರುತ್ತದೆ. ನಾಲ್ಕನೆಯ ಭಾಗದಲ್ಲಿ ಬಾಸ್ ಗಾಯಕ, ಅಂದರೆ ತಗ್ಗಿನ ಗಂಡು ಕಂಠದವರು, ಎದ್ದು, ತಣ್ಣಗಾದ ಗಂಟಲಿನಿಂದ, ಒಬ್ಬಂಟಿಯಾಗಿ, ಎಲ್ಲರಿಗಿಂತ ಮೊದಲು ದನಿ ತೆಗೆಯಬೇಕು. ನಾನೊಮ್ಮೆ ಅಂಥ ಗಾಯಕರೊಬ್ಬರ ಪಕ್ಕ ಕೂತಿದ್ದೆ. ಮೂರನೆಯ ಭಾಗದುದ್ದಕ್ಕೂ ಅವರು ತುಟಿ ಮುಚ್ಚಿ, ನಾಲಿಗೆಯ ತುದಿಯನ್ನು ಹಲ್ಲಿನ ಹಿಂದೆ ಮೆಲ್ಲನೆ ಆಡಿಸುತ್ತ, ಪಕ್ಕೆಲುಬು ಹಿಗ್ಗಿಸಿ ಉಸಿರನ್ನು ಎಳೆದು ಬಿಡುತ್ತ ಇದ್ದರು. ಮುಂದಿನ ಸಾಲಿನಲ್ಲಿ ಕೂತವರಿಗೆ ಅವರು ಧ್ಯಾನದಲ್ಲಿರುವಂತೆ ಕಂಡಿರಬೇಕು. ನಮ್ಮ ಆಲ್ಟೊ ಭಾಗ ಅದರಲ್ಲಿ ಯಾರಿಗೂ ಬಿಡಿಯಾಗಿ ಕೇಳಿಸುವುದೇ ಇಲ್ಲ, ಆದರೆ ಶ್ರುತಿ ತಪ್ಪಿದರೆ ನಾಲ್ವರ ಹೆಣಿಗೆಯೇ ಕುಸಿಯುತ್ತದೆ. ಅಂಥ ಕೆಲಸವನ್ನು ಪ್ರೀತಿಸಬಲ್ಲಿರಾ? ನಿಮ್ಮನ್ನೇ ಕೇಳಿಕೊಳ್ಳಿ.

ಹಣದ ವಿಷಯ. ಖಚಿತ ಸಂಬಳ ಬೇಕೆನ್ನುವವರು ಸಾಮಾನ್ಯವಾಗಿ ಜರ್ಮನ್ ಭಾಷೆಯ ನಾಡುಗಳತ್ತ ನೋಡುತ್ತಾರೆ. ಜರ್ಮನಿಯಲ್ಲೇ ಸಾರ್ವಜನಿಕ ಹಣದಿಂದ ನಡೆಯುವ, ಒಪೆರಾ ಆಡುವ ರಂಗಮಂದಿರಗಳು ಸುಮಾರು 80 ಇವೆ. ಅವುಗಳಲ್ಲಿ ಖಾಯಂ ಮೇಳವಿರುತ್ತದೆ, ತಿಂಗಳ ಸಂಬಳ ಬರುತ್ತದೆ. ಪ್ರತಿ ಕಂಠವನ್ನೂ ಅದರ ತೂಕ, ಬಣ್ಣ, ವ್ಯಾಪ್ತಿ ನೋಡಿ ಒಂದು ‘ಫಾಖ್’ಗೆ, ಅಂದರೆ ಪಾತ್ರಗಳ ವರ್ಗಕ್ಕೆ ಸೇರಿಸುತ್ತಾರೆ. ಈ ವಾರ ಕೆರುಬಿನೊ, ಮುಂದಿನ ವಾರ ಮಕ್ಕಳ ಒಪೆರಾ, ನಡುವೆ ಒಂದು ಅಪೆರೆಟಾ, ಅಂದರೆ ಲಘು ಒಪೆರಾ. ಕರಾರು ಒಂದೊಂದು ಹಂಗಾಮಿನದು. ಮುಂದಿನ ಹಂಗಾಮಿಗೆ ಬೇಡವೆಂದಾದರೆ ಹೊಸಬರಿಗೆ ಅಕ್ಟೋಬರ್ 31ರೊಳಗೆ ತಿಳಿಸಬೇಕು, ತಿಳಿಸದಿದ್ದರೆ ಒಂದು ವರ್ಷ ತಾನಾಗಿ ಮುಂದುವರಿಯುತ್ತದೆ. ಹೊಸ ಮುಖ್ಯಸ್ಥರು ಬಂದರೆ ಹಳಬರನ್ನು ಕಳಿಸುವುದು ಅಲ್ಲಿ ಮಾಮೂಲು. ಅಕ್ಟೋಬರ್ ತಿಂಗಳಲ್ಲಿ ಅಲ್ಲಿನ ಕ್ಯಾಂಟೀನುಗಳಲ್ಲಿ ಯಾರೂ ಜೋರಾಗಿ ನಗುವುದಿಲ್ಲ. ಆದರೂ 26ರಿಂದ 32ರವರೆಗೆ ಇದಕ್ಕಿಂತ ಒಳ್ಳೆಯ ಗರಡಿ ನನಗೆ ಗೊತ್ತಿಲ್ಲ. ಸ್ಪೇನ್‌ನ ಸೊಪ್ರಾನೊ ಮೊಂಸೆರಾತ್ ಕಬಾಯೆ 1965ರ ಏಪ್ರಿಲ್‌ನಲ್ಲಿ ನ್ಯೂಯಾರ್ಕ್‌ನ ಕಾರ್ನೆಗಿ ಹಾಲ್‌ನಲ್ಲಿ ಬೇರೊಬ್ಬರ ಬದಲಿಗೆ ಹಾಡಿ ರಾತ್ರಿ ಬೆಳಗಾಗುವುದರೊಳಗೆ ಪ್ರಸಿದ್ಧರಾದರು ಎಂಬುದನ್ನು ಎಲ್ಲರೂ ಹೇಳುತ್ತಾರೆ. ಅದಕ್ಕೆ ಮೊದಲು ಬಾಸೆಲ್ ಮತ್ತು ಬ್ರೇಮೆನ್ ಮೇಳಗಳಲ್ಲಿ ವರ್ಷಗಟ್ಟಲೆ ದುಡಿದದ್ದನ್ನು ಯಾರೂ ಹೇಳುವುದಿಲ್ಲ.

ಮೇಳಕ್ಕೆ ಸೇರದೆ ಸ್ವತಂತ್ರವಾಗಿ ಹಾಡುವವರಿಗೆ ಹಣ ಸಿಗುವುದು ಪ್ರದರ್ಶನಕ್ಕೆ ಇಷ್ಟು ಎಂದು. ತಾಲೀಮಿನ ವಾರಗಳಿಗೆ ಎಷ್ಟೋ ಕಡೆ ಪ್ರತ್ಯೇಕ ಸಂಭಾವನೆ ಇರುವುದಿಲ್ಲ. ನೆಗಡಿಯಾಗಿ ಗಂಟಲು ಕಟ್ಟಿದರೆ ಆ ಸಂಜೆಯ ದುಡ್ಡು ಹೋಯಿತು. ಏಜೆಂಟರ ಪಾಲು ಒಪೆರಾದಲ್ಲಿ ಸಾಮಾನ್ಯವಾಗಿ ಶೇಕಡಾ 10, ಕಛೇರಿಗಳಲ್ಲಿ ಅದಕ್ಕಿಂತ ಹೆಚ್ಚು. ಪ್ರಯಾಣ, ಕೋಚ್, ಪಿಯಾನೊ ವಾದಕರ ಶುಲ್ಕ, ತೆರಿಗೆ ಕಳೆದು ಉಳಿದದ್ದು ನಿಮ್ಮದು. 2020ರ ಮಾರ್ಚ್‌ನಲ್ಲಿ ಕೋವಿಡ್‌ನಿಂದ ಮೆಟ್ರೊಪಾಲಿಟನ್ ಒಪೆರಾ ಬಾಗಿಲು ಮುಚ್ಚಿದ್ದು ಮತ್ತೆ ಹಂಗಾಮು ಶುರುಮಾಡಿದ್ದು 2021ರ ಸೆಪ್ಟೆಂಬರ್‌ನಲ್ಲಿ. ಕೈಯಲ್ಲಿ ಎರಡು ವರ್ಷದ ಕರಾರುಗಳಿದ್ದ ಗಾಯಕರು ಬರಿಗೈಯಲ್ಲಿ ಕೂತರು, ಏಕೆಂದರೆ ಆಕಸ್ಮಿಕ ಸಂದರ್ಭದಲ್ಲಿ ಸಂಭಾವನೆ ಇಲ್ಲ ಎಂಬ ಷರತ್ತಿಗೆ ಸಹಿ ಹಾಕಿದ್ದರು. ಕರಾರಿನ ಆ ಸಾಲನ್ನು ಮೊದಲು ಓದಿ, ಸಂಭಾವನೆಯ ಸಾಲನ್ನು ಆಮೇಲೆ.

ದೊಡ್ಡ ರಂಗಮಂದಿರದ ಖಾಯಂ ಗಾಯನವೃಂದದ ಕೆಲಸವನ್ನು ಕೀಳಾಗಿ ಕಾಣಬೇಡಿ. ಒಪೆರಾದ ಲೋಕದಲ್ಲಿ ಪಿಂಚಣಿ, ರಜೆ, ಸಂಬಳ ಮೂರೂ ಇರುವ ಕೆಲವೇ ಕೆಲಸಗಳಲ್ಲಿ ಅದೂ ಒಂದು. ಪಾಠ ಹೇಳುವುದೂ ಅಷ್ಟೇ. ನಾನು ವಾರದಲ್ಲಿ ಎರಡು ದಿನ ಪಾಠ ಹೇಳಲು ಶುರುಮಾಡಿದ ಮೇಲೆಯೇ ಬೇಡದ ಪಾತ್ರಗಳಿಗೆ ‘ಆಗುವುದಿಲ್ಲ’ ಎನ್ನುವ ಧೈರ್ಯ ಬಂದದ್ದು. ಮನೆ ಬಾಡಿಗೆ ಕೊಡಲು ಅಝುಚೇನಾ ಹಾಡಬೇಕಾದ ಸ್ಥಿತಿಗೆ ನೀವು ಬರಬಾರದು.

ಆಡಿಷನ್ ಬಗ್ಗೆ ನೀವು ಕೇಳಿಲ್ಲ, ಆದರೂ ಎರಡು ಮಾತು. ಐದು ಆರಿಯಾಗಳ, ಅಂದರೆ ಒಪೆರಾದಲ್ಲಿ ಒಬ್ಬರೇ ಹಾಡುವ ಹಾಡುಗಳ, ಪಟ್ಟಿ ಕೊಡುತ್ತೀರಿ, ಮೊದಲನೆಯದು ನಿಮ್ಮ ಆಯ್ಕೆ, ಎರಡನೆಯದು ಅವರದು. ಮೇಜಿನ ಆಚೆ ಕೂತಾಗ ನಾನು ಮೊದಲು ನೋಡುವುದು ಹುಡುಗಿ ಪಿಯಾನೊ ವಾದಕರ ಹತ್ತಿರ ಹೋಗಿ ಏನು ಮಾಡುತ್ತಾಳೆ ಎಂಬುದನ್ನು. ಒಬ್ಬಳು ಬಿಡಿ ಹಾಳೆಗಳ ಕಟ್ಟು ಕೊಟ್ಟಳು. ಮೂರನೆಯ ಪುಟಕ್ಕೆ ಅವು ಜಾರಿ ನೆಲಕ್ಕೆ ಬಿದ್ದವು, ಪಾಪ ಆ ವಾದಕರು ಎಡಗೈಯಲ್ಲಿ ನುಡಿಸುತ್ತ ಬಲಗೈಯಲ್ಲಿ ಹಾಳೆ ಹಿಡಿದರು. ಇನ್ನೊಬ್ಬಳು ಅಂಟಿಸಿದ ಪುಟಗಳ ಫೈಲು ಕೊಟ್ಟು, ಮೊದಲ ಎರಡು ಸಾಲನ್ನು ಅವರಿಗೆ ಮಾತ್ರ ಕೇಳುವಂತೆ ಗುನುಗಿ ಲಯ ತಿಳಿಸಿದಳು. ಅವಳು ಹಾಡುವ ಮೊದಲೇ ನನ್ನ ಅರ್ಧ ಮನಸ್ಸು ಅವಳ ಕಡೆಗಿತ್ತು. ಹಾಡಲು ನಿಮ್ಮಿಂದಲೇ ಭಾರಿ ಶುಲ್ಕ ಕೇಳುವ ‘ತರಬೇತಿ ಕಾರ್ಯಕ್ರಮ’ಗಳಿಂದ ದೂರವಿರಿ. ಸ್ಪರ್ಧೆಗಳು ಉಪಯುಕ್ತ, ಗೆಲುವು ಅಷ್ಟು ಮುಖ್ಯವಲ್ಲ. ವೇಲ್ಸ್‌ನ ಕಾರ್ಡಿಫ್‌ನಲ್ಲಿ ನಡೆದ 1989ರ ಗಾಯನ ಸ್ಪರ್ಧೆಯಲ್ಲಿ ಮುಖ್ಯ ಬಹುಮಾನ ದ್ಮಿತ್ರಿ ಹ್ವೊರೊಸ್ತೊವ್‌ಸ್ಕಿಗೆ ಹೋಯಿತು. ‘ಲೀಡ್’, ಅಂದರೆ ಪಿಯಾನೊ ಜೊತೆ ಹಾಡುವ ಜರ್ಮನ್ ಕಲಾಗೀತೆ, ಗಾಯನದ ಬಹುಮಾನ ಪಡೆದ ಬ್ರಿನ್ ಟರ್ಫೆಲ್ ಅದರಿಂದ ಏನನ್ನೂ ಕಳೆದುಕೊಳ್ಳಲಿಲ್ಲ.

ಕಂಠದ ಆಯುಸ್ಸಿಗೆ ಬರೋಣ. ಸೊಪ್ರಾನೊ ಮರಿಯಾ ಕಲಾಸ್ 1949ರ ಜನವರಿಯಲ್ಲಿ, 25ನೇ ವಯಸ್ಸಿನಲ್ಲಿ, ವೆನಿಸ್‌ನಲ್ಲಿ ಕೆಲವೇ ದಿನಗಳ ಅಂತರದಲ್ಲಿ ವಾಗ್ನರ್‌ನ ಬ್ರುನ್‌ಹಿಲ್ಡೆಯನ್ನೂ ಬೆಲ್ಲಿನಿಯ ಎಲ್ವಿರಾಳನ್ನೂ ಹಾಡಿದರು. ಒಂದು ಬಂಡೆ ಎತ್ತುವ ಕೆಲಸ, ಇನ್ನೊಂದು ಕಸೂತಿ. ರಂಗದ ಮೇಲೆ ಅವರ ಕೊನೆಯ ಒಪೆರಾ 1965ರಲ್ಲಿ, ಆಗ 41. ಅವರ ಕಂಠ ಬೇಗ ಸವೆದುದಕ್ಕೆ ಇದೊಂದೇ ಕಾರಣ ಎನ್ನುವಷ್ಟು ಸರಳ ವಿಷಯವಲ್ಲ ಅದು, ಆದರೆ ನನಗೆ ಆ ಎರಡು ವರ್ಷಗಳನ್ನು ಜೊತೆಗಿಟ್ಟು ನೋಡದೆ ಇರಲಾಗುವುದಿಲ್ಲ. ಎದುರು ಬದಿಯಲ್ಲಿ ನಾರ್ವೆಯ ಸೊಪ್ರಾನೊ ಕಿರ್ಸ್ಟನ್ ಫ್ಲಾಗ್‌ಸ್ಟಾಡ್. 1913ರಲ್ಲಿ ರಂಗವೇರಿದವರು ಸುಮಾರು ಎರಡು ದಶಕ ತಮ್ಮ ಸೀಮೆಯಲ್ಲೇ ಹಗುರ ಪಾತ್ರಗಳನ್ನೂ ಅಪೆರೆಟಾಗಳನ್ನೂ ಹಾಡಿಕೊಂಡಿದ್ದರು. ವಾಗ್ನರ್‌ನ ಭಾರಿ ಪಾತ್ರ ಇಸೋಲ್ಡೆಯನ್ನು ಮೊದಲು ಹಾಡಿದ್ದು 1932ರಲ್ಲಿ. ನ್ಯೂಯಾರ್ಕ್ ಅವರನ್ನು ಕೇಳಿ ಬೆರಗಾದದ್ದು 1935ರಲ್ಲಿ, ಅವರ 39ನೇ ವಯಸ್ಸಿನಲ್ಲಿ. ನಿಮ್ಮದೇ ಜಾತಿಯ ಕಂಠದ ಕ್ರಿಸ್ಟಾ ಲುಡ್ವಿಗ್ ಹದಿಹರೆಯ ಮುಗಿಯುವ ಮೊದಲೇ ರಂಗಕ್ಕೆ ಬಂದು 1994ರವರೆಗೆ, ಹತ್ತಿರ ಹತ್ತಿರ ಅರ್ಧ ಶತಮಾನ, ಒಪೆರಾ ಮತ್ತು ಕಛೇರಿ ಎರಡನ್ನೂ ನಿಭಾಯಿಸಿದರು. ಇನ್ನೊಬ್ಬ ಮೆಝೊ ಜಾನೆಟ್ ಬೇಕರ್ 1982ರಲ್ಲಿ, ಇನ್ನೂ 48 ತುಂಬಿದ್ದಾಗಲೇ, ಆರ್ಫಿಯೊ ಪಾತ್ರ ಮುಗಿಸಿ ಒಪೆರಾಕ್ಕೆ ವಿದಾಯ ಹೇಳಿ ಕಛೇರಿಗಳಲ್ಲಿ ಹಾಡುವುದನ್ನು ಮುಂದುವರಿಸಿದರು. ಮೆಝೊ ಕಂಠ ಮೂವತ್ತರ ನಂತರ ಕಳೆಗಟ್ಟುತ್ತದೆ, ನಾಟಕೀಯ ಪಾತ್ರಗಳಿಗೆ ಮೂವತ್ತೈದು ದಾಟಿದರೂ ತಡವಲ್ಲ. ಅಝುಚೇನಾ ಎಲ್ಲಿಗೂ ಓಡಿಹೋಗುವುದಿಲ್ಲ.

ಒಪೆರಾ ತಂಡಕ್ಕೆ ನಾಳೆಯೇ ಉತ್ತರ ಬರೆಯಿರಿ. ಕ್ಷಮೆ ಕೇಳುತ್ತ ಒಂದು ಪುಟ ತುಂಬಿಸಬೇಡಿ, ‘ಯೋಚಿಸುತ್ತಿದ್ದೇನೆ’ ಎಂದು ಎರಡು ವಾರ ಕಾಯಿಸಲೂಬೇಡಿ. ಬೇರೆಯವರನ್ನು ಹುಡುಕಲು ಅವರಿಗೆ ಸಮಯ ಬೇಕು, ಅದನ್ನು ಅವರು ನೆನಪಿಟ್ಟುಕೊಳ್ಳುತ್ತಾರೆ. ಈ ಪಾತ್ರ ಸದ್ಯಕ್ಕೆ ನನ್ನ ಕಂಠಕ್ಕೆ ಭಾರ ಎಂದು ನೇರವಾಗಿ ಬರೆದು, ಯಾವುದು ಹಾಡಬಲ್ಲಿರಿ ಎಂಬುದನ್ನೂ ಕೆಳಗೆ ಸೇರಿಸಿ: ಕೆರುಬಿನೊ, ಡೊರಬೆಲ್ಲಾ, ಹ್ಯಾನ್ಸೆಲ್, ‘ಕಾರ್ಮೆನ್’ನ ಮೆರ್ಸೆಡೆಸ್. ರೊಸಿನಾ ಹಾಡುವಷ್ಟು ಚುರುಕುತನ ಗಂಟಲಿನಲ್ಲಿದ್ದರೆ ಅದನ್ನೂ.

‘ಮೆಸಾಯಾ’ಕ್ಕೆ ಉಳಿದ ದಿನಗಳಲ್ಲಿ ಹೆಚ್ಚಿನ ಸಮಯವನ್ನು ತಿರಸ್ಕೃತನಾದವನ ಕುರಿತ ಆ ನಿಧಾನದ ಗೀತೆಗೆ ಕೊಡಿ. 1742ರ ಏಪ್ರಿಲ್‌ನಲ್ಲಿ ಡಬ್ಲಿನ್‌ನಲ್ಲಿ ಅದನ್ನು ಮೊದಲು ಹಾಡಿದ ಸುಸಾನಾ ಸಿಬ್ಬರ್ ಒಬ್ಬ ನಟಿ. ಆಕೆಯ ಕಂಠ ಬರೀ ಒಂದೆಳೆ ದಾರ ಎಂದು ಸಂಗೀತದ ಚರಿತ್ರೆ ಬರೆದ ಚಾರ್ಲ್ಸ್ ಬರ್ನಿ ದಾಖಲಿಸಿದ್ದಾರೆ. ಹ್ಯಾಂಡೆಲ್ ಅಲ್ಲಿ ಸಾಲುಗಳನ್ನು ತುಂಡು ತುಂಡು ಮಾಡಿ ನಡುನಡುವೆ ಮೌನ ಇಟ್ಟಿದ್ದಾನೆ. ಆ ಮೌನಗಳಲ್ಲಿ ಗಡಿಬಿಡಿಯಿಂದ ಉಸಿರೆಳೆದುಕೊಂಡರೆ ಇಡೀ ಸಭಾಂಗಣಕ್ಕೆ ಕೇಳಿಸುತ್ತದೆ, ಹಾಗಾಗಿ ಎಲ್ಲಿ ಉಸಿರು, ಎಲ್ಲಿ ಬರೀ ನಿಲುಗಡೆ ಎಂದು ಪೆನ್ಸಿಲಿನಲ್ಲಿ ಈಗಲೇ ಗುರುತು ಹಾಕಿ. ಮಧ್ಯಭಾಗ ಮುಗಿದು ಮೊದಲ ಭಾಗ ಮರಳಿ ಬಂದಾಗ ಅಲಂಕಾರಗಳನ್ನು ನೀವೇ ಬರೆದುಕೊಳ್ಳಿ, ಮೂರು ನಾಲ್ಕು ಸಾಕು. ಸ್ವರಲಿಪಿಯನ್ನು ಕಪ್ಪು ಫೈಲಿನಲ್ಲಿ ಹಾಕಿಕೊಂಡು, ನಿಂತು, ಎದೆಯ ಮಟ್ಟಕ್ಕಿಂತ ಕೊಂಚ ಕೆಳಗೆ ಹಿಡಿದು ಅಭ್ಯಾಸ ಮಾಡಿ. ಪುಟ ತಿರುಗಿಸುವುದು ಬೇರೆಯವರು ಹಾಡುವಾಗಲ್ಲ, ವಾದ್ಯಗಳು ಜೋರಾಗಿರುವಾಗ.